ಕೆರೆ ಏರಿಯ ಮೇಲಿನ ನಮಸ್ಕಾರ

"ಎದುರಿಗೆ ಬಂದೋರನ್ನ ಮಾತಾಡಿಸ್ದೆ ಹೋಗೋಕೆ ಇವರಿಗೂ ನಮಗೂ ಏನು ಜಗಳ ಆಗಿದೆ?"

ಗೋಪಾಲಪ್ಪ ಕೇಳಿದ್ದು ಯಾರನ್ನೂ ಅಲ್ಲ. ಸಾಸಲು ಊರಿನ ಕಡೆಯ ಆ ಕೆರೆ ಏರಿಯ ಮೇಲೆ ಅವನೂ, ಅವನ ಸೈಕಲ್ಲೂ, ಹ್ಯಾಂಡಲಿಗೆ ತೂಗುಬಿದ್ದ ಹಾಲಿನ ಕ್ಯಾನೂ ಬಿಟ್ಟರೆ ಮತ್ತೊಂದು ಜೀವ ಇರಲಿಲ್ಲ. ಭಾನುವಾರ ಬೆಳಗಾದರೆ ಬೆಂಗಳೂರಿನಿಂದ ಘಾಟಿ ಸುಬ್ರಹ್ಮಣ್ಯದ ಕಡೆಗೆ ಹೊರಡುವ ಸೈಕಲ್ಲಿನವರು ಅದೇ ತಾನೇ ಅವನ ಪಕ್ಕದಲ್ಲಿ ಗಿಳಿಹಿಂಡಿನ ಹಾಗೆ ಸರ್ರನೆ ಹಾದುಹೋಗಿದ್ದರು. ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಕಪ್ಪು ಕನ್ನಡಕ, ಮೈಗಂಟಿದ ಬಣ್ಣದ ಅಂಗಿ. ಒಬ್ಬರೂ ಈ ಕಡೆ ತಿರುಗಲಿಲ್ಲ.

ಗೋಪಾಲಪ್ಪನ ಊರಿನ ರೀತಿಯೇ ಬೇರೆ. ದಾರಿಯಲ್ಲಿ ಸಿಕ್ಕವರನ್ನು ಎಲ್ಲಿಗೆ ಹೊರಟಿರಿ, ತಿಂಡಿ ಆಯಿತಾ ಎಂದು ಕೇಳಲೇಬೇಕು. ಉತ್ತರ ಯಾರಿಗೂ ಬೇಕಾಗಿಲ್ಲ, ಕೇಳಿದರೆ ಆಯಿತು. ಕೇಳದೆ ಹಾದುಹೋದರೆ ಮಾತು ಬಿಟ್ಟಿದ್ದಾರೆ ಎಂದೇ ಲೆಕ್ಕ.

ಮನೆಗೆ ಬಂದವನು ಈ ದುಃಖವನ್ನು ಮಗಳ ಮುಂದೆ ತೋಡಿಕೊಂಡ. ಮಗಳು ಬಿಂದುಶ್ರೀ ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಓದುವವಳು, ಅಪ್ಪನ ಹತ್ತಿರ ಸದರ ಜಾಸ್ತಿ.

"ದಾರೀಲಿರೋರನ್ನೆಲ್ಲ ಮಾತಾಡಿಸ್ಕೊಂಡು ಹೋದ್ರೆ ಅವ್ರು ಘಾಟಿ ಮುಟ್ಟೋಷ್ಟೊತ್ಗೆ ಮಹಾಮಂಗಳಾರತಿ ಮುಗ್ದಿರುತ್ತೆ ಅಪ್ಪ. ಅಷ್ಟು ಆಸೆ ಇದ್ರೆ ನೀನೇ ಮೊದ್ಲು ಕೈ ಎತ್ತು. ಗುರುತಿಲ್ದೋರು ಮಾತಾಡ್ಸಲ್ಲ ಅಂತ ಕೊರಗ್ತೀಯ, ಗುರುತಿರೋರು ಬಂದ್ರೆ ಕೆರೆ ನೋಡ್ತೀಯ."

ಕೊನೆಯ ಮಾತು ಗೋಪಾಲಪ್ಪನಿಗೆ ಮುಳ್ಳಿನ ಹಾಗೆ ಚುಚ್ಚಿತು. ಅವಳು ಹೇಳಿದ್ದು ಮುನಿವೆಂಕಟಪ್ಪನ ವಿಷಯ.

ಮುನಿವೆಂಕಟಪ್ಪ ಅದೇ ಬೀದಿಯವನು, ಓರಗೆಯವನು. ಅವನದು ಹಾಡುವ ಗಂಟಲು, ಗೋಪಾಲಪ್ಪನದು ಕೇಳುವ ಕಿವಿ. ಚಿಕ್ಕಂದಿನಿಂದ ಹಾಗೇ ನಡೆದಿತ್ತು. ಶನಿವಾರ ಆಂಜನೇಯನ ಗುಡಿಯಲ್ಲಿ ಅವನು ಪದ್ಯ ಎತ್ತಿಕೊಂಡರೆ ಗೋಪಾಲಪ್ಪ ಕಂಬಕ್ಕೊರಗಿ ಕಣ್ಣು ಮುಚ್ಚುತ್ತಿದ್ದ, ಕಣ್ಣು ಬಿಟ್ಟಾಗ ರೆಪ್ಪೆ ಒದ್ದೆಯಾಗಿರುತ್ತಿತ್ತು. ಬೆಳಗ್ಗೆ ಡೈರಿಗೆ ಹಾಲು ಹಾಕಲು ಇಬ್ಬರೂ ಜೊತೆಯಲ್ಲಿ ಸೈಕಲ್ ತುಳಿಯುವಾಗಲೂ ಅವನ ಬಾಯಲ್ಲಿ ಒಂದಲ್ಲ ಒಂದು ಪದ್ಯ ಉರುಳುತ್ತಲೇ ಇರುತ್ತಿತ್ತು.

ಹೋದ ವರ್ಷ ಅವನು ಹೊಸ ಮನೆ ಕಟ್ಟಿಸಿದ. ಅವನ ಹೆಂಡತಿ ಬೈರಮ್ಮ ಗೃಹಪ್ರವೇಶದ ಕಾರ್ಡನ್ನು ವಾಟ್ಸಾಪಿನಲ್ಲಿ ಕಳಿಸಿ ಸುಮ್ಮನಾದಳು. ಅರಿಶಿನ ಕುಂಕುಮ ಹಿಡಿದು ಬಂದು ಕರೆಯದ ಮನೆಗೆ ಕಾಲಿಡುವುದಿಲ್ಲ ಎಂದು ಗೋಪಾಲಪ್ಪನ ಹೆಂಡತಿ ಲಕ್ಷ್ಮೀದೇವಮ್ಮ ಪಟ್ಟು ಹಿಡಿದಳು. ಇವರು ಹೋಗಲಿಲ್ಲ. ಒಂದೇ ಬೀದಿಯವರು ಬರಲಿಲ್ಲವಲ್ಲ ಎಂದು ಅವರು ನೊಂದುಕೊಂಡರು. ಮಾತು ನಿಂತಿತು. ಮುನಿವೆಂಕಟಪ್ಪ ಬೇಗ ಎದ್ದು ಹಾಲು ಹಾಕಿ ಬರತೊಡಗಿದ, ಗೋಪಾಲಪ್ಪ ಹೋಗುವಾಗ ಅವನು ಎದುರಾಗುತ್ತಿದ್ದ. ಒಬ್ಬ ಕೆರೆ ನೋಡುವುದು, ಇನ್ನೊಬ್ಬ ನೀಲಗಿರಿ ತೋಪು ನೋಡುವುದು. ಗುಡಿಯ ಭಜನೆಗೂ ಅವನು ಬರುವುದು ಬಿಟ್ಟ. ಈಗ ಹಾಡುವ ಹುಡುಗರಿಗೆ ಮೈಕು ಇದೆ, ಮೊಬೈಲು ನೋಡಿಕೊಂಡು ಹಾಡುತ್ತಾರೆ. ಗೋಪಾಲಪ್ಪ ಕಂಬಕ್ಕೇನೋ ಒರಗುತ್ತಾನೆ, ಕಣ್ಣು ಮಾತ್ರ ಮುಚ್ಚುವುದಿಲ್ಲ. ಆ ಕಂಠ ಇನ್ನು ಈ ಜನ್ಮದಲ್ಲಿ ಕಿವಿಗೆ ಬೀಳುತ್ತದೋ ಇಲ್ಲವೋ ಎಂಬ ಸಂಕಟ ಅವನದು. ಅದನ್ನು ಹೆಂಡತಿಯ ಮುಂದೆ ಆಡುವಂತಿಲ್ಲ.

ಆಗಲಿ, ಗುರುತಿಲ್ಲದವರನ್ನಾದರೂ ಮಾತಾಡಿಸೋಣ ಎಂದು ಮುಂದಿನ ಭಾನುವಾರ ಗಟ್ಟಿ ಮನಸ್ಸು ಮಾಡಿ ಹೊರಟ. ಏರಿಯ ಮೇಲೆ ಹಾಲು ಚೆಲ್ಲಿದ ಹಾಗೆ ಮಂಜು. ಅದರೊಳಗಿಂದ ಸೈಕಲ್ಲುಗಳ ದೀಪಗಳು ಮಿಣುಕುತ್ತ ಬಂದವು. ಗೋಪಾಲಪ್ಪ ಘಾಟಿಯ ಸುಬ್ಬಪ್ಪನನ್ನು ನೆನೆದು ಹ್ಯಾಂಡಲಿನಿಂದ ಒಂದು ಕೈ ತೆಗೆದ. ಕ್ಯಾನಿನ ಭಾರಕ್ಕೆ ಸೈಕಲ್ಲು ವಾಲಿತು. ಹೇಗೋ ಸಂಭಾಳಿಸಿಕೊಂಡು, ಕೈಯನ್ನು ಆಕಾಶಕ್ಕೆ ಎತ್ತಿ ಕೂಗಿಬಿಟ್ಟ.

"ನಮಸ್ಕಾರ! ಚೆನ್ನಾಗಿದ್ದೀರಾ?"

ಕೂಗು ಮುಗಿಯುವಷ್ಟರಲ್ಲಿ ಮುಂದಿನವರೆಲ್ಲ ದಾಟಿಹೋಗಿದ್ದರು. ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಅವರ ಹಿಂದೆ, ಮಂಕಿ ಕ್ಯಾಪು ಹಾಕಿಕೊಂಡು, ಖಾಲಿ ಕ್ಯಾನು ಲೊಡಲೊಡ ಅನ್ನಿಸುತ್ತ ಒಂದು ಹಳೆಯ ಸೈಕಲ್ಲು ಮಂಜಿನಿಂದ ಹೊರಬಿತ್ತು. ಅದರ ಮೇಲೆ ಮುನಿವೆಂಕಟಪ್ಪ. ಅವನು ಬ್ರೇಕು ಒತ್ತಿ, ಕಾಲು ನೆಲಕ್ಕೆ ಊರಿ, ಮಂಕಿ ಕ್ಯಾಪನ್ನು ಗಲ್ಲದ ಕೆಳಕ್ಕೆ ಎಳೆದುಕೊಂಡ.

"ಚೆನ್ನಾಗಿದ್ದೀನಿ ಕಣೋ ಗೋಪಾಲ," ಎಂದ. "ನಂಗೇ ಬಹುವಚನ ಹಾಕ್ತೀಯಲ್ಲೋ ಲೇ. ನಾನೇನು ನಿನ್ ಬೀಗನಾ?"

ಹಿಂದುಳಿದಿದ್ದ ಸೈಕಲ್ಲಿನ ಹುಡುಗಿಯೊಬ್ಬಳು ಹಾದುಹೋಗುತ್ತ ನಮಸ್ಕಾರ ಅಂಕಲ್ ಎಂದು ನಕ್ಕು ಕೈ ಬೀಸಿದಳು. ಇಬ್ಬರೂ ಅವಳನ್ನು ನೋಡಲಿಲ್ಲ.

ಹಸು ಕರು ಹಾಕಿದ್ದು, ಮಂಡಿ ನೋವು, ಈ ಸಲದ ರಾಗಿ, ಎಲ್ಲ ಮಾತೂ ಒಟ್ಟಿಗೆ ನುಗ್ಗಿ ಬಂದವು. ಶನಿವಾರ ಗುಡಿಗೆ ಬರುತ್ತೇನೆ, ಕಂಬದ ಹತ್ತಿರ ಜಾಗ ಹಿಡಿದಿರು ಎಂದ ಮುನಿವೆಂಕಟಪ್ಪ. ಮಗಳು ಮಮತಳ ನಿಶ್ಚಿತಾರ್ಥ ಗೊತ್ತಾಗಿದೆ, ಈ ಸಲ ಇವತ್ತು ಸಂಜೆಗೇ ಬೈರಮ್ಮನನ್ನು ಕುಂಕುಮ ಕೊಟ್ಟು ಕಳಿಸುತ್ತೇನೆ ಎಂದೂ ಹೇಳಿದ. ಗೋಪಾಲಪ್ಪ ಡೈರಿ ಮುಟ್ಟಿದಾಗ ಹಾಲು ತೂಗುವ ನವೀನ್‌ಕುಮಾರ್ ಡೈರಿಯ ಕ್ಯಾನನ್ನು ಆಗಲೇ ಒಳಕ್ಕೆ ತೆಗೆದುಕೊಂಡಿದ್ದ, ಬಾಗಿಲು ಹಾಕುವ ಹೊತ್ತಾಯಿತು ಎಂದು ಗೊಣಗಿದ. ಗೋಪಾಲಪ್ಪ ಅವನಿಗೂ ನಮಸ್ಕಾರ ಹೇಳಿದ.

ಗೋಪಾಲಪ್ಪ ಸುಳ್ಳು ಹೇಳುವ ಆಸಾಮಿಯಲ್ಲ. ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೇ ಒಪ್ಪಿಸಿದ. ಬಿಂದುಶ್ರೀ ಬಿದ್ದು ಬಿದ್ದು ನಕ್ಕಳು. ಲಕ್ಷ್ಮೀದೇವಮ್ಮ ನಗಲಿಲ್ಲ. ಗೋಪಾಲಪ್ಪನೇ ತಾನಾಗಿ ಬಂದು ಮಾತಾಡಿಸಿದನಂತೆ ಎಂಬ ಸುದ್ದಿ ಅಷ್ಟರಲ್ಲಿ ನಲ್ಲಿಯ ಹತ್ತಿರ ಅವಳ ಕಿವಿಗೂ ಬಿದ್ದಿತ್ತು. ಸಂಜೆ, ಬೈರಮ್ಮ ಬರುವ ಹೊತ್ತಿಗೆ, ಲಕ್ಷ್ಮೀದೇವಮ್ಮ ಹಿತ್ತಾಳೆ ತಟ್ಟೆಯನ್ನು ಹುಣಸೇಹಣ್ಣು ಹಾಕಿ ಫಳಫಳ ಉಜ್ಜುತ್ತಿದ್ದಳು. ಉಜ್ಜುತ್ತಲೇ ಗಂಡನ ಕಡೆ ತಿರುಗಿದಳು.

"ತಪ್ಪು ನಮ್ದೇ ಅಂತಾಯ್ತಲ್ಲ ಊರ್ ತುಂಬ. ಅವ್ಳು ಹೊಸಿಲು ದಾಟೋಕೆ ಮುಂಚೆ ಹೋಗಿ ಅವ್ಳ ಗಂಡಂಗೆ ಹೇಳ್ಬಿಡಿ, ನಾನು ಕೈ ಎತ್ತಿದ್ದು ಆ ಸೈಕಲ್ನೋರಿಗೆ, ನಿಂಗಲ್ಲ ಅಂತ. ಇಷ್ಟು ವರ್ಷಕ್ಕೆ ಒಂದು ಕೇಳ್ತಾ ಇದೀನಿ, ನಡೆಸ್ಕೊಡಿ."

ಗೋಪಾಲಪ್ಪ ಬಾಗಿಲ ಕಡೆ ನೋಡಿದ. ಬೀದಿಯ ಆ ತುದಿಯಲ್ಲಿ ಬೈರಮ್ಮ ಸೆರಗು ಹೊದ್ದು, ಕುಂಕುಮದ ಬಟ್ಟಲು ಹಿಡಿದು ಬರುತ್ತಿದ್ದಳು. ಅವಳ ಹಿಂದೆ ಮುನಿವೆಂಕಟಪ್ಪ ಏನನ್ನೋ ಸಣ್ಣಗೆ ಗುನುಗಿಕೊಂಡು ಬರುತ್ತಿದ್ದ. ಪದ್ಯ ಯಾವುದೆಂದು ಇಲ್ಲಿಗೆ ಕೇಳಿಸುತ್ತಿರಲಿಲ್ಲ, ಕಂಠ ಕೇಳಿಸುತ್ತಿತ್ತು.

"ಹೇಳಲ್ಲ," ಎಂದ ಗೋಪಾಲಪ್ಪ. "ನೀನು ಏನೇ ಅನ್ನು, ನಾನು ಹೇಳಲ್ಲ."