ಅಳಿಸದ ಕಾಡಿಗೆ

ಪೇಟೆಯ ದೊಡ್ಡ ಅಂಗಡಿಯೊಂದರ ನೆಲಮಹಡಿಯಲ್ಲಿ, ಬಾಗಿಲು ದಾಟಿದ ಕೂಡಲೇ ಮೂಗಿಗೆ ಅಡರುವ ಘಮಘಮದ ನಡುವೆ, ಲಿಪ್‌ಸ್ಟಿಕ್ಕು ಪೌಡರುಗಳ ಗಾಜಿನ ಕೌಂಟರಿನ ಹಿಂದೆ ಪುಟ್ಟಿ ಕೆಲಸ ಮಾಡುತ್ತಿದ್ದಳು. ಅವಳಿಗೆ ಯಾರೂ ಮಾತು ಕಲಿಸಬೇಕಾಗಿರಲಿಲ್ಲ. ಆದರೂ ಕಂಪನಿಯವರು ಕರೆಸಿ ಕಲಿಸಿದ್ದರು. ಈ ಕ್ರೀಮು ಹಚ್ಚಿದರೆ ಗೆರೆಗಳೆಲ್ಲ ಮಾಯ. ಈ ಫೌಂಡೇಶನ್ನು ಹಚ್ಚಿದ್ದೇ ಗೊತ್ತಾಗುವುದಿಲ್ಲ. ಈ ಲಿಪ್‌ಸ್ಟಿಕ್ಕು ಲೋಟಕ್ಕೆ ಅಂಟುವುದಿಲ್ಲ. ಈ ಕಾಡಿಗೆ ಮಳೆಗೂ ಜಗ್ಗದು, ಬೆವರಿಗೂ ಜಗ್ಗದು, ಕಣ್ಣೀರಿಗಂತೂ ಜಗ್ಗುವುದೇ ಇಲ್ಲ. ದಿನವಿಡೀ ಇದನ್ನೇ ಹೇಳಿ ಹೇಳಿ ಅವಳ ನಾಲಗೆಗೆ ಎಷ್ಟು ರೂಢಿಯಾಗಿತ್ತೆಂದರೆ, ಒಂದು ಸಂಜೆ ಅಮ್ಮ ಬಚ್ಚಲಿನ ಬಲ್ಬು ತರಲು ಹೇಳಿದಾಗ "ಯಾವ ಶೇಡ್ ನೋಡ್ತಿದ್ದೀರಾ?" ಎಂದು ಕೇಳಿಬಿಟ್ಟಿದ್ದಳು.

ಒಂದು ದಿನ ಬೆಳಗ್ಗೆ ಅಂಗಡಿ ತೆರೆಯುತ್ತಿದ್ದಂತೆ ಒಬ್ಬ ಹೆಂಗಸು ಬಂದು ಕಾಡಿಗೆಯ ಪೆನ್ಸಿಲನ್ನು ಗಾಜಿನ ಮೇಲಿಟ್ಟಳು. ಆಮೇಲೆ ಫೋನು ತೆಗೆದು ಹಿಂದಿನ ದಿನದ ಪಾರ್ಟಿಯ ಫೋಟೊ ತೋರಿಸಿದಳು. ಫೋಟೊದಲ್ಲಿ ಎಲ್ಲರೂ ನಗುತ್ತಿದ್ದರು. ಈಕೆಯೂ ನಗುತ್ತಿದ್ದಳು, ಆದರೆ ಯಾರೋ ಎರಡು ಕಣ್ಣಿಗೂ ಸರಿಯಾಗಿ ಗುದ್ದಿದ ಹಾಗೆ ಕಾಣುತ್ತಿದ್ದಳು. ಕಣ್ಣ ಕೆಳಗೆ ಹರಡಿದ ಕಪ್ಪು ಮಿರಮಿರ ಹೊಳೆಯುತ್ತಿತ್ತು.

"ನಾನು ಅಳ್ಲಿಲ್ಲ, ಮಳೇಲಿ ನೆನೀಲಿಲ್ಲ," ಎಂದಳು ಆಕೆ. "ಸುಮ್ನೆ ಕೂತಿದ್ದೆ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವೇ ಇದನ್ನ ಒಂದಿನ ಪೂರ್ತಿ ಹಚ್ಕೊಂಡು ನೋಡಿದೀರಾ?"

ಪುಟ್ಟಿ ಬೇರೆ ಪೆನ್ಸಿಲು ಕೊಟ್ಟು ನಯವಾಗಿ ಸಾಗಹಾಕಿದಳು. ಆಕೆ ಹೋದಳು, ಪ್ರಶ್ನೆ ಅಲ್ಲೇ ಉಳಿಯಿತು. ಪುಟ್ಟಿ ಆ ಕಾಡಿಗೆಯನ್ನು ಅಂಗೈ ಹಿಂಭಾಗದಲ್ಲಿ ಗೀಚಿ, ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, "ನೋಡಿ, ಎಲ್ಲಿ ಹೋಯ್ತು?" ಎನ್ನುತ್ತಿದ್ದಳೇ ಹೊರತು ಕಣ್ಣಿಗೆ ಹಚ್ಚಿಕೊಂಡವಳಲ್ಲ. ಹಚ್ಚಿಕೊಂಡರೂ ಪ್ರಯೋಜನವಿರಲಿಲ್ಲ, ಅವಳಿಗೆ ಸುಲಭಕ್ಕೆ ಅಳು ಬರುವುದಿಲ್ಲ. ಕಣ್ಣೀರಿನ ಪರೀಕ್ಷೆಯೆಂದರೆ ಅದಕ್ಕೆ ತಕ್ಕ ಕಣ್ಣುಗಳು ಬೇಕು. ಅಂಥ ಕಣ್ಣುಗಳು ಅವಳ ದೊಡ್ಡಮ್ಮನಿಗಿದ್ದವು.

ಅವಳ ಅಮ್ಮನ ಅಕ್ಕ, ಈ ದೊಡ್ಡಮ್ಮನಿಗೆ, ಮನೆಯಲ್ಲಿ ಎಲ್ಲರೂ ಬೆನ್ನ ಹಿಂದೆ 'ನಲ್ಲಿ' ಎನ್ನುತ್ತಿದ್ದರು. ದೊಡ್ಡಪ್ಪ ಎದುರಿಗೇ ಹಾಗೆ ಕರೆಯುತ್ತಿದ್ದ. ಆಕೆ ಒಂದನೇ ತರಗತಿಯ ಟೀಚರು. ಪ್ರತಿ ವರ್ಷವೂ ಮಕ್ಕಳು ಎರಡನೇ ತರಗತಿಗೆ, ಅಂದರೆ ಪಕ್ಕದ ಕೋಣೆಗೆ, ಹೋಗುವಾಗ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಟೀವಿಯಲ್ಲಿ ಯಾರಿಗಾದರೂ ಬಹುಮಾನ ಬಂದರೆ ಅಳು. ಬಾರದಿದ್ದವರನ್ನು ನೋಡಿ ಇನ್ನಷ್ಟು ಅಳು. ಗಡಿಯಾರ ರಿಪೇರಿಯ ದೊಡ್ಡಪ್ಪ ಒಂದು ಹಳೆಯ ಗೋಡೆ ಗಡಿಯಾರವನ್ನು "ಇದಿನ್ನು ನಡಿಯಲ್ಲ" ಎಂದು ಪಕ್ಕಕ್ಕಿಟ್ಟದ್ದಕ್ಕೂ ಆಕೆ ಕಣ್ಣೊರೆಸಿಕೊಂಡದ್ದನ್ನು ಮನೆಮಂದಿ ಇನ್ನೂ ಮರೆತಿರಲಿಲ್ಲ.

ಸಂದರ್ಭವೂ ತಾನಾಗಿ ಒದಗಿ ಬಂತು. ಪುಟ್ಟಿಯ ಚಿಕ್ಕಮ್ಮ, ಮೂವರು ಅಕ್ಕತಂಗಿಯರಲ್ಲಿ ಕೊನೆಯವಳು, ಐವತ್ತು ದಾಟಿದ ಮೇಲೆ ಮದುವೆಯಾಗಲು ಹೊರಟಿದ್ದಳು. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಆಕೆಗೆ ರಿಸೆಪ್ಶನ್ನಿನಲ್ಲಿ ಕೂರುವ ಕೆಲಸ. ಕ್ಲಿನಿಕ್ಕು ಮೇಲಿನ ಮಹಡಿಯಲ್ಲಿ. ಒಮ್ಮೆ ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡಾಗ, ಅದನ್ನು ಸರಿಮಾಡಲು ಬಂದ ಮೆಕ್ಯಾನಿಕ್ಕು ಬಾಗಿಲ ಸಂದಿಯಿಂದ ಬಹಳ ಹೊತ್ತು ಅವಳೊಡನೆ ಮಾತಾಡುತ್ತಾ ಧೈರ್ಯ ಹೇಳಿದ್ದ. ಆಮೇಲೆ ಆ ಲಿಫ್ಟು ಪದೇ ಪದೇ ಕೆಡತೊಡಗಿತು. ಲಿಫ್ಟಿಗೆ ಏನೂ ಆಗಿರಲಿಲ್ಲ ಎಂಬುದು ಮನೆಯವರಿಗೆ ತಡವಾಗಿ ತಿಳಿಯಿತು. ಈಗ ಇಬ್ಬರೂ ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ, ಮನೆಮಂದಿಯೊಡನೆ ಊಟ ಮಾಡುವುದೆಂದು ತೀರ್ಮಾನವಾಗಿತ್ತು. ದೊಡ್ಡಮ್ಮನೇ ಮೊದಲ ಸಾಕ್ಷಿ.

ಮದುವೆಯ ಬೆಳಗ್ಗೆ ಪುಟ್ಟಿ ಚಿಕ್ಕಮ್ಮನ ಮನೆಯ ಊಟದ ಮೇಜಿನ ಮೇಲೆ ತನ್ನ ಡಬ್ಬಿಗಳನ್ನೆಲ್ಲ ಹರಡಿಕೊಂಡು ಕೂತಳು. ಮೊದಲು ಚಿಕ್ಕಮ್ಮನಿಗೆ ಹಚ್ಚಿದ್ದೇ ಗೊತ್ತಾಗದ ಫೌಂಡೇಶನ್ನು. ಆಮೇಲೆ ಅಮ್ಮನಿಗೆ ಲೋಟಕ್ಕಂಟದ ಲಿಪ್‌ಸ್ಟಿಕ್ಕು. ಕೊನೆಗೆ ದೊಡ್ಡಮ್ಮನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಅಲ್ಲಾಡಬೇಡ ದೊಡ್ಡಮ್ಮ. ಮೇಲೆ ನೋಡು."

"ನಂಗ್ಯಾಕೆ ಇದೆಲ್ಲ? ಹೇಗಿದ್ರೂ ಅತ್ತು ಹಾಳು ಮಾಡ್ತೀನಿ."

"ಅತ್ತರೂ ಹಾಳಾಗಲ್ಲ, ಅದಕ್ಕೇ ಹಚ್ತಿರೋದು. ನೋಡು, ಇವತ್ತು ನನ್ನ ಮಾನ ನಿನ್ನ ಕಣ್ಣಲ್ಲಿದೆ. ಇದೇನಾದ್ರೂ ಇಳೀತು ಅಂದ್ರೆ ನನ್ನ ಕೆಲಸಾನೂ ಹೋಯ್ತು ಅಂತ್ಲೇ ಲೆಕ್ಕ."

ಅವಳು ಅದನ್ನು ಹಲ್ಲುಗಳ ನಡುವೆ ಪೆನ್ಸಿಲಿನ ಮುಚ್ಚಳ ಕಚ್ಚಿಕೊಂಡು, ಬಾಯಿಗೆ ಬಂದ ಹಾಗೆ ಹೇಳಿದ್ದಳು. ದೊಡ್ಡಮ್ಮ ಮಾತ್ರ ನಗಲಿಲ್ಲ.

ದೊಡ್ಡಪ್ಪ ಪೆನ್ಸಿಲಿನ ಡಬ್ಬಿಯನ್ನು ಎತ್ತಿಕೊಂಡು, ಗಡಿಯಾರದ ಹಲ್ಲುಚಕ್ರ ನೋಡುವ ಹಾಗೆ ಕನ್ನಡಕ ಹಣೆಗೇರಿಸಿ ಓದಿದ. "ಅಳಿಸಲ್ಲ ಅಂತ ಬರೆದಿದ್ದಾರೆ. ಕೇಳಿಸ್ತಾ ಟೀಚರಮ್ಮ? ಇದನ್ನ ಹಚ್ಕೊಂಡ್ರೆ ಇದು ನಿನ್ನನ್ನ ಅಳಿಸಲ್ಲವಂತೆ. ಪಾಪ, ಕಂಪನಿಯವರಿಗೆ ನಮ್ಮನೆ ವಿಷಯ ಗೊತ್ತಿಲ್ಲ."

"ಸುಮ್ನಿರ್ರೀ," ಎಂದಳು ದೊಡ್ಡಮ್ಮ, ಮೇಲೆ ನೋಡುತ್ತಲೇ.

ಆ ಹೊತ್ತಿಗೇ ಪಣವೂ ಆಯಿತು. ಸಹಿ ಹಾಕುವುದರೊಳಗೆ ಕಾಡಿಗೆ ಗಲ್ಲಕ್ಕೆ ಬರುತ್ತದೆಂದು ದೊಡ್ಡಪ್ಪ, ಏನೇ ಆದರೂ ಬರುವುದಿಲ್ಲವೆಂದು ಅಮ್ಮ. ಸೋತವರು ಆ ದಿನದ ಪಾತ್ರೆಯನ್ನೆಲ್ಲ ತೊಳೆಯಬೇಕು. ಅಮ್ಮನಿಗೆ ಕಾಡಿಗೆಯ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ಮಗಳು ಮಾರುವ ಮಾಲು, ಬಿಟ್ಟುಕೊಡುವುದು ಹೇಗೆ ಎಂಬುದಷ್ಟೇ.

ನೋಂದಣಿ ಕಚೇರಿಯಲ್ಲಿ ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಮೇಲೆ ಫ್ಯಾನು ಟಕಟಕ ಎನ್ನುತ್ತಿತ್ತು. ಕರೆ ಬರುವವರೆಗೆ ಮನೆಮಂದಿ ಸಾಲಾಗಿ ಕೂತರು. ಮದುಮಗಳು ನಡುವೆ ಕೂತಿದ್ದರೂ ಯಾರ ಕಣ್ಣೂ ಅವಳ ಮೇಲಿರಲಿಲ್ಲ. ಎಲ್ಲರೂ ಬಗ್ಗಿ ಬಗ್ಗಿ ಸಾಲಿನ ತುದಿಯಲ್ಲಿದ್ದ ದೊಡ್ಡಮ್ಮನ ಕಣ್ಣು ನೋಡುತ್ತಿದ್ದರು. ಪುಟ್ಟಿಯಂತೂ ನೀರು ಕುಡಿಯುವ ನೆಪದಲ್ಲಿ ಎದ್ದು ಎದ್ದು ಅಕ್ಕಪಕ್ಕದಿಂದ ಪರೀಕ್ಷಿಸಿ ಬರುತ್ತಿದ್ದಳು. ಗೆರೆ ಇದ್ದ ಹಾಗೇ ಇತ್ತು. ಯಾಕೆಂದರೆ ನಲ್ಲಿಯಲ್ಲಿ ಒಂದು ತೊಟ್ಟೂ ನೀರು ಬಂದಿರಲಿಲ್ಲ.

ಅವರ ಸರದಿ ಬಂತು. ಅಧಿಕಾರಿ ಓದಿ ಹೇಳಿದ. ಮೆಕ್ಯಾನಿಕ್ಕು ಬಿಳಿ ಅಂಗಿಯಲ್ಲಿ ಬೆವರುತ್ತಾ, ಒಪ್ಪಿಗೆ ಎಂದ. ಚಿಕ್ಕಮ್ಮ ಒಪ್ಪಿಗೆ ಎನ್ನುವಾಗ ಅವಳ ದನಿ ಸ್ವಲ್ಪ ನಡುಗಿತು. ಮನೆಮಂದಿಯೆಲ್ಲ ಒಟ್ಟಿಗೇ ದೊಡ್ಡಮ್ಮನ ಕಡೆ ತಿರುಗಿದರು. ದೊಡ್ಡಮ್ಮ ಹಲ್ಲು ಕಚ್ಚಿಕೊಂಡು, ಕಣ್ಣು ಅಗಲಿಸಿ, ರೆಪ್ಪೆ ಬಡಿಯದೆ ಎದುರಿನ ಗೋಡೆಯನ್ನು ದುರುಗುಟ್ಟಿ ನೋಡುತ್ತಿದ್ದಳು. ಎಲ್ಲರೂ ತಿರುಗಿದ್ದನ್ನು ಕಂಡು ಅಧಿಕಾರಿಯೂ ತಿರುಗಿದ.

"ಏನಮ್ಮ, ನಿಮ್ಮದೇನಾದ್ರೂ ತಕರಾರಿದೆಯಾ?"

ಬಾಯಿ ಬಿಟ್ಟರೆ ಅಳು ಒಡೆಯುತ್ತದೆಂದು ದೊಡ್ಡಮ್ಮನಿಗೆ ಗೊತ್ತಿತ್ತು. ಜೋರಾಗಿ ಅಡ್ಡಡ್ಡ ತಲೆಯಾಡಿಸಿದಳು.

"ತಕರಾರಿಲ್ಲ ಅಂತಾನೋ, ಮದುವೆ ಬೇಡ ಅಂತಾನೋ?"

ಮತ್ತೆ ಹಾಗೇ ತಲೆಯಾಡಿಸಿದಳು, ಇನ್ನೂ ಜೋರಾಗಿ. ಮೆಕ್ಯಾನಿಕ್ಕಿನ ಮುಖ ಅಂಗಿಗಿಂತ ಬಿಳಿಚಿಕೊಂಡಿತು. ಚಿಕ್ಕಮ್ಮನ ಪೆನ್ನು ಕಾಗದದ ಮೇಲೇ ನಿಂತಿತು.

"ತಕರಾರೇನಿಲ್ಲ ಸಾರ್," ಎಂದ ದೊಡ್ಡಪ್ಪ. "ಕಾಡಿಗೆ ಹಚ್ಚಿದಾರೆ, ಅಷ್ಟೇ."

ಅಧಿಕಾರಿ ಆ ಕುರ್ಚಿಯಲ್ಲಿ ಕೂತು ಎಂತೆಂಥ ಸಬೂಬುಗಳನ್ನೋ ಕೇಳಿದವನು. ಇದನ್ನು ಕೇಳಿರಲಿಲ್ಲವೆಂದು ತೋರುತ್ತದೆ. ಎಲ್ಲರ ಸಹಿ ಹಾಕಿಸಿ, ಮೊಹರು ಒತ್ತಿ, ಮುಂದಿನವರನ್ನು ಕರೆದ.

ಊಟಕ್ಕೆ ಹೋಟೆಲಿನ ಒಂದು ಉದ್ದನೆಯ ಮೇಜು ಹಿಡಿದಿದ್ದರು. ಅಮ್ಮ ಹಣ್ಣಿನ ರಸದ ಮೊದಲ ಗುಟುಕು ಕುಡಿದು ಕೆಳಗಿಟ್ಟಾಗ ಲೋಟದ ಅಂಚಿನಲ್ಲಿ ಒಂದು ಇಡೀ ತುಟಿ ಮೂಡಿತ್ತು. ಯಾರೂ ನೋಡುವ ಮುಂಚೆ ಅವಳು ಅದನ್ನು ಹೆಬ್ಬೆರಳಿನಿಂದ ಒರೆಸಿದಳು. ಆದರೆ ಮೆಕ್ಯಾನಿಕ್ಕಿನ ಅಂಗಿಯನ್ನು ಮುಚ್ಚಿಡುವ ಉಪಾಯವಿರಲಿಲ್ಲ. ಕಚೇರಿಯ ಮೆಟ್ಟಿಲ ಮೇಲೆ ಚಿಕ್ಕಮ್ಮ ಅವನ ಹೆಗಲಿಗೆ ಒರಗಿದ್ದ ಕಡೆ, ಹಚ್ಚಿದ್ದೇ ಗೊತ್ತಾಗದ ಫೌಂಡೇಶನ್ನಿನಲ್ಲಿ ಅವಳ ಬಲಗೆನ್ನೆ ಅಚ್ಚೊತ್ತಿಕೊಂಡಿತ್ತು. "ಫೋಟೊ ತೆಗೆಸೋ ಖರ್ಚು ಉಳೀತು," ಎಂದ ದೊಡ್ಡಪ್ಪ.

ಅಷ್ಟರಲ್ಲಿ ಮೆಕ್ಯಾನಿಕ್ಕಿಗೆ ಫೋನು ಬಂತು. ಎಲ್ಲೋ ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರು. ಇವತ್ತು ನನಗೆ ರಜೆ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಬೇರೆಯವರು ಬರುವವರೆಗೆ ಒಳಗಿದ್ದವರೊಡನೆ ಮಾತಾಡುತ್ತೇನೆಂದು ಹೊರಗೆ ಹೋದ. ಅವನು ಹೋಗುವುದನ್ನೇ ಕಾಯುತ್ತಿದ್ದವಳಂತೆ ಚಿಕ್ಕಮ್ಮ ಚಮಚ ಕೆಳಗಿಟ್ಟಳು.

"ಅಕ್ಕ, ಒಂದು ಮಾತು. ಪಕ್ಕದ್ಮನೆ ಬೆಕ್ಕು ತಪ್ಪಿಸ್ಕೊಂಡಾಗ ಅತ್ತೆ. ಅದು ವಾಪಸ್ ಬಂದಾಗ್ಲೂ ಅತ್ತೆ. ನನ್ನ ಮದುವೇಲಿ ಮಾತ್ರ ಕಲ್ಲಿನ ಹಾಗೆ ನಿಂತಿದ್ದೀಯ. ಅವರು ಇಷ್ಟ ಇಲ್ದಿದ್ರೆ ಮೊದಲೇ ಹೇಳ್ಬಹುದಿತ್ತಲ್ಲ."

ದೊಡ್ಡಮ್ಮ ತಂಗಿಯನ್ನು ನೋಡಿದಳು. "ಇಷ್ಟ ಇಲ್ವಾ? ನೀನು ಸಹಿ ಹಾಕುವಾಗ ನಾನು ಮನಸ್ಸಲ್ಲೇ ಹತ್ತೊಂಬತ್ತರ ಮಗ್ಗಿ ಹೇಳ್ಕೋತಾ ಇದ್ದೆ ಕಣೇ. ಅಳು ತಡ್ಕೊಳ್ಳೋಕೆ ಬೇರೆ ಏನೂ ತೋಚ್ಲಿಲ್ಲ. ಕಾಡಿಗೆ ಇಳಿದ್ರೆ ಈ ಹುಡುಗಿ ಕೆಲಸ ಹೋಗುತ್ತಲ್ಲ."

ಎಲ್ಲರೂ ಪುಟ್ಟಿಯ ಕಡೆ ನೋಡಿದರು. ಪುಟ್ಟಿ ಸೂಪಿನ ಬಟ್ಟಲು ಪಕ್ಕಕ್ಕೆ ಸರಿಸಿದಳು. "ಅಯ್ಯೋ ದೊಡ್ಡಮ್ಮ, ಅದು ಮಾತಿಗೆ ಹೇಳಿದ್ದು. ಕಾಡಿಗೆ ಇಳಿದ್ರೆ ನನ್ನ ಕೆಲಸ ಯಾಕೆ ಹೋಗುತ್ತೆ? ಹಾಗಿದ್ದಿದ್ರೆ ಯಾವತ್ತೋ ಹೋಗ್ಬೇಕಿತ್ತು."

"ಹಾಗಾದ್ರೆ ನಾನು ಅಳಬಹುದಾ?"

"ಅಳು."

ಅಪ್ಪಣೆ ಸಿಕ್ಕಿದ್ದೇ ತಡ. ಬೆಳಗ್ಗೆಯಿಂದ ಕಟ್ಟಿಟ್ಟದ್ದೆಲ್ಲ ಒಮ್ಮೆಗೇ ಬಂತು. ಚಿಕ್ಕಮ್ಮ ಎದ್ದು ಹೋಗಿ ಅಕ್ಕನನ್ನು ತಬ್ಬಿಕೊಂಡಳು. ಹೋಟೆಲಿನವನು ಏನೂ ಕೇಳದೆ ಕಾಗದದ ಕರವಸ್ತ್ರಗಳ ಒಂದು ಕಟ್ಟನ್ನೇ ತಂದಿಟ್ಟ. ಸಾಕಷ್ಟು ಹೊತ್ತು ಅತ್ತು, ಮೂಗು ಒರೆಸಿಕೊಂಡು, ದೊಡ್ಡಮ್ಮ ತಲೆ ಎತ್ತಿದಾಗ ಮೂಗು ಕೆಂಪಾಗಿತ್ತು, ಗಲ್ಲ ಒದ್ದೆಯಾಗಿತ್ತು. ಕಾಡಿಗೆ ಮಾತ್ರ ಬೆಳಗ್ಗೆ ಎಳೆದ ಜಾಗದಲ್ಲೇ ಗೆರೆ ಕೊರೆದ ಹಾಗಿತ್ತು. ದೊಡ್ಡಪ್ಪ ಕನ್ನಡಕ ಹಣೆಗೇರಿಸಿ, ಹತ್ತಿರ ಬಂದು, ಎರಡು ಕಣ್ಣನ್ನೂ ನೋಡಿ, ಹಿಂದಕ್ಕೆ ಹೋಗಿ ಕೂತ.

"ಪಾತ್ರೆ," ಎಂದಳು ಅಮ್ಮ.

ಎಲ್ಲರೂ ನಗುತ್ತಿದ್ದಾಗಲೇ ಮೆಕ್ಯಾನಿಕ್ಕು ಫೋನು ಜೇಬಿಗಿಳಿಸುತ್ತಾ ಒಳಗೆ ಬಂದ. ಅವನನ್ನು ಕಂಡು ನಗು ತಟ್ಟನೆ ನಿಂತಿತು. ಅವನು ಕೂತು, ಆರಿಹೋದ ಸೂಪನ್ನು ಕುಡಿದ.

ಪುಟ್ಟಿಗೆ ಗೆದ್ದ ಖುಷಿ ಬರಬೇಕಿತ್ತು. ಬಂತು ಕೂಡ, ಆದರೆ ಪೂರ್ತಿ ಅಲ್ಲ. ಕಚೇರಿಯಲ್ಲಿ ಚಿಕ್ಕಮ್ಮ ಒಪ್ಪಿಗೆ ಎಂದಾಗ ಅವಳ ಮುಖ ಹೇಗಿತ್ತು ಎಂದು ನೆನಪಿಸಿಕೊಳ್ಳಲು ಹೋದರೆ ಏನೂ ಸಿಗುತ್ತಿರಲಿಲ್ಲ. ಆಗ ತಾನು ನೋಡಿದ್ದು ಬರೀ ಒಂದು ಕಪ್ಪು ಗೆರೆಯನ್ನು.

ಸಂಜೆ ಚಿಕ್ಕಮ್ಮನ ಅಡುಗೆಮನೆಯಲ್ಲಿ ದೊಡ್ಡಮ್ಮ ಸ್ಟೂಲಿನ ಮೇಲೆ ಕೂತಳು. ಕಾಡಿಗೆ ತೆಗೆಯುವ ಕೆಲಸ ಶುರುವಾಯಿತು. ನೀರಿಗೆ ಬಿಡಲಿಲ್ಲ. ಸೋಪಿಗೆ ಕಣ್ಣು ಉರಿಯಿತೇ ಹೊರತು ಕಾಡಿಗೆ ಬಿಡಲಿಲ್ಲ. ಮುಖ ತೊಳೆಯುವ ನೊರೆಯೊಂದಿತ್ತು, ಒಂದೇ ಸಲಕ್ಕೆ ಎಲ್ಲ ಮಾಯ ಎಂದು ಅದರ ಮೇಲೆ ಬರೆದಿತ್ತು. ಅದರಿಂದ ಹುಬ್ಬು ಮಾತ್ರ ಚೊಕ್ಕಟವಾಯಿತು.

"ನಾಡಿದ್ದು ಸ್ಕೂಲಿಗೆ ಹೀಗೇ ಹೋಗ್ಲಾ?" ಎಂದಳು ದೊಡ್ಡಮ್ಮ.

"ಹೋಗು, ಮಕ್ಕಳು ಹೆದರಿ ಓದ್ತಾರೆ," ಎಂದ ದೊಡ್ಡಪ್ಪ, ಸಿಂಕಿನ ಮುಂದೆ ತಟ್ಟೆ ತಿಕ್ಕುತ್ತಾ.

ಕೊನೆಗೆ ಅಮ್ಮ ಒಲೆ ಪಕ್ಕದ ಎಣ್ಣೆ ಬಾಟಲಿಯಿಂದ ಹತ್ತಿಗೆ ಒಂದು ಹನಿ ಹಾಕಿ ಕೊಟ್ಟಳು. ಹತ್ತಿ ಮುಟ್ಟಿದ್ದೇ ತಡ, ಕಾಡಿಗೆ ಬೆಣ್ಣೆಯ ಹಾಗೆ ಕರಗಿ ಎರಡು ಗಲ್ಲಕ್ಕೂ ಹರಿಯಿತು. ಪುಟ್ಟಿ ಹತ್ತಿಯನ್ನು ಹಿಡಿದು ಹಾಗೇ ನಿಂತಳು. ಫೋಟೊದ ಹೆಂಗಸಿನ ಕಣ್ಣ ಕೆಳಗೆ ಮಿರಮಿರ ಹೊಳೆಯುತ್ತಿದ್ದದ್ದು ಕ್ರೀಮು, ಗೆರೆಗಳನ್ನು ಮಾಯ ಮಾಡುವ ಕ್ರೀಮು. ಅದನ್ನು ಮಾರಿದ್ದೂ ತಾನೇ ಇರಬೇಕು. ಕಂಪನಿಯವರು ನೀರಿನ ವಿಷಯ ಸುಳ್ಳು ಹೇಳಿರಲಿಲ್ಲ. ಎಣ್ಣೆ ಜಿಡ್ಡಿನ ವಿಷಯ ಹೇಳಿರಲಿಲ್ಲ, ಅಷ್ಟೇ.

ಆಗ ಮೆಕ್ಯಾನಿಕ್ಕು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಏನೋ ಹೇಳಬೇಕೆಂದು ಸಾಕಷ್ಟು ಹೊತ್ತು ಹೊರಗೆ ಅಭ್ಯಾಸ ಮಾಡಿ ಬಂದವನ ಹಾಗಿದ್ದ. ದೊಡ್ಡಮ್ಮನ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದ, ಆಮೇಲೆ ಧೈರ್ಯ ಮಾಡಿದ.

"ಅಕ್ಕ, ಬೆಳಗ್ಗೆ ನೀವು ತಲೆ ಆಡಿಸಿದ್ರಲ್ಲ. ಅದು ಯಾವುದಕ್ಕೆ ಅಂತ ನಂಗೆ ಇನ್ನೂ ಗೊತ್ತಾಗಿಲ್ಲ. ನಾನು ಜಾಸ್ತಿ ಓದಿದವನಲ್ಲ, ವಯಸ್ಸೂ ಆಗಿದೆ. ನಿಮಗೆ ಒಪ್ಪಿಗೆ ಇಲ್ದಿದ್ರೂ ಪರವಾಗಿಲ್ಲ, ಆದ್ರೆ ನಂಗೆ ತಿಳಿದಿರ್ಲಿ."

ಅವನು ಹೊರಗೆ ಫೋನಿನಲ್ಲಿದ್ದಾಗಲೇ ಎಲ್ಲ ಬಯಲಾದದ್ದು ಎಂಬುದು ಅಲ್ಲಿದ್ದವರಿಗೆ ಆಗ ಹೊಳೆಯಿತು. ಮಧ್ಯಾಹ್ನದಿಂದ ಆ ಮನುಷ್ಯ ಇದನ್ನು ಒಬ್ಬನೇ ಹೊತ್ತುಕೊಂಡು ತಿರುಗಿದ್ದ. ಯಾರೂ ನಗಲಿಲ್ಲ. ದೊಡ್ಡಪ್ಪ ಕೂಡ ನಲ್ಲಿ ನಿಲ್ಲಿಸಿದ.

ದೊಡ್ಡಮ್ಮ ಹೇಳಲು ಬಾಯಿ ತೆರೆದಳು. ಕಣ್ಣು ತುಂಬಿತು, ಎಣ್ಣೆಯೂ ಕಾಡಿಗೆಯೂ ಕಣ್ಣೀರೂ ಸೇರಿ ಗದ್ದದವರೆಗೆ ಇಳಿಯಿತು.

"ನಾನೇನಾದ್ರೂ ತಪ್ಪು ಮಾತಾಡಿದ್ನಾ?" ಎಂದ ಅವನು, ಒಲೆಯ ಪಕ್ಕ ನಿಂತಿದ್ದ ಚಿಕ್ಕಮ್ಮನ ಕಡೆ ತಿರುಗಿ.

"ಇಲ್ಲ," ಎಂದಳು ಚಿಕ್ಕಮ್ಮ. "ಅದು ಒಪ್ಪಿಗೆ. ಈ ಮನೇಲಿ ಅದು ಹೀಗೇ ಬರೋದು."

ದೊಡ್ಡಮ್ಮ ತಲೆಯಾಡಿಸಿದಳು, ಈ ಸಲ ಮೇಲಕ್ಕೂ ಕೆಳಕ್ಕೂ. ಅವನು ಒಳಗೆ ಬಂದ. ಆಮೇಲೆ ಪುಟ್ಟಿಯ ಕೈಯಿಂದ ಹತ್ತಿ ತೆಗೆದುಕೊಂಡು, ಸ್ಟೂಲಿನ ಮುಂದೆ ಮೊಣಕಾಲೂರಿ, ಗ್ರೀಸು ಒರೆಸಿ ಒರೆಸಿ ಪಳಗಿದ ಕೈಯಿಂದ ಅವಳ ಗಲ್ಲವನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಒರೆಸತೊಡಗಿದ. ಒಂದನೇ ತರಗತಿಯ ಮಗುವಿನ ಹಾಗೆ ದೊಡ್ಡಮ್ಮ ಮುಖವೊಡ್ಡಿ ಕೂತಳು.

"ಆ ಕಡೆ ತಿರುಗಿ ಅಕ್ಕ," ಎಂದ ಅವನು. "ಎಡಗಡೆ ಇನ್ನೂ ಇದೆ."