ಅಣ್ಣನ ಗಾಯ, ತಮ್ಮನ ನಳಿಕೆ

ಆ ಕ್ಷೌರದಂಗಡಿಯಲ್ಲಿ ಇರುವುದು ಎರಡೇ ಕುರ್ಚಿ. ಬಾಗಿಲ ಕಡೆಯದು ಅಣ್ಣನದು, ಒಳಗಿನದು ತಮ್ಮನದು. ಇಬ್ಬರೂ ಅರವತ್ತು ದಾಟಿದವರು. ಜಗಳವಾಡದ ದಿನ ಇಬ್ಬರಿಗೂ ತಿಂದದ್ದು ಅರಗುತ್ತಿರಲಿಲ್ಲ.

ಮೊದಲು ಹೊಟ್ಟೆ ಕೊಯ್ಯಿಸಿಕೊಂಡವನು ಅಣ್ಣ. ಒಳಗಿನ ಮುಖ್ಯ ರಕ್ತನಾಳ ಬಲೂನಿನಂತೆ ಉಬ್ಬಿತ್ತು. ಒಡೆದರೆ ಆಸ್ಪತ್ರೆ ಮುಟ್ಟುವಷ್ಟೂ ಪುರಸೊತ್ತು ಸಿಗದು ಎಂದು ವೈದ್ಯರು ಎದೆಯ ಕೆಳಗಿನಿಂದ ಹೊಕ್ಕುಳ ದಾಟಿ ಸೀಳಿ, ಉಬ್ಬಿದ ಜಾಗಕ್ಕೆ ಬೇರೆ ನಾಳ ಹೊಲಿದರು. ನೆಟ್ಟಗೆ ನಿಲ್ಲಲು ಅವನಿಗೆ ತಿಂಗಳುಗಳೇ ಹಿಡಿದವು. ಆಮೇಲೆ ಗಾಯದ ಗುರುತು ತೋರಿಸುವುದೇ ಅವನ ಅರ್ಧ ಕಸುಬಾಯಿತು. ಗಿರಾಕಿಯ ಮುಖಕ್ಕೆ ನೊರೆ ಬಳಿದು, ಅವನು ತುಟಿ ಬಿಚ್ಚಲಾಗದ ಹೊತ್ತು ನೋಡಿ ಅಂಗಿ ಎತ್ತುತ್ತಿದ್ದ.

ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು ಎಂದು ವೈದ್ಯರು ಹೇಳಿದ್ದರು. ತಮ್ಮ ಹೋಗಿಬರುತ್ತಿದ್ದ, ಕೆಲವು ವರ್ಷದ ಮೇಲೆ ಅವನಿಗೂ ಅದೇ ಉಬ್ಬು ಕಾಣಿಸಿಕೊಂಡಿತು. ಆದರೆ ಅವನ ನಾಳದ ಆಕಾರ ಹೊಸ ವಿಧಾನಕ್ಕೆ ಒಗ್ಗುವಂತಿತ್ತು. ತೊಡೆಸಂದಿನ ಎರಡೂ ಕಡೆ ಸಣ್ಣ ತೂತು ಮಾಡಿ, ಬಟ್ಟೆ ಹೊದಿಸಿದ ಲೋಹದ ನಳಿಕೆಯೊಂದನ್ನು ಮಡಚಿ ಮೇಲೇರಿಸಿ, ಉಬ್ಬಿನೊಳಗೆ ಬಿಚ್ಚಿ ಕೂರಿಸಿದರು. ಅದರ ಹೆಸರು ಸ್ಟೆಂಟ್ ಗ್ರಾಫ್ಟ್. ರಕ್ತ ಅದರೊಳಗೆ ಹರಿದರೆ ಉಬ್ಬಿದ ಗೋಡೆಗೆ ಒತ್ತಡವಿಲ್ಲ. ಹದಿನೈದು ದಿನ ಕಳೆಯುವುದರೊಳಗೆ ತಮ್ಮ ಕತ್ತರಿ ಹಿಡಿದು ನಿಂತಿದ್ದ.

"ನಿನ್ನನ್ನ ಮೂಟೆ ಬಿಚ್ಚಿದ ಹಾಗೆ ಬಿಚ್ಚಿದ್ರು. ನನಗೆ ನೋಡು, ಎರಡೇ ಎರಡು ತೂತು!"

"ಹೌದಾ? ತೋರಿಸು ನೋಡೋಣ."

ತಮ್ಮ ಪ್ಯಾಂಟಿನ ಗುಂಡಿಗೆ ಕೈ ಹಾಕಿದ. ಕುರ್ಚಿಯಲ್ಲಿದ್ದ ಗಿರಾಕಿ ನೊರೆ ಸಮೇತ ಬೀದಿಗೆ ನಡೆದ.

ವೈದ್ಯರು ಒಂದು ಷರತ್ತು ಹಾಕಿದ್ದರು: ಜೀವ ಇರುವವರೆಗೂ ವರ್ಷಕ್ಕೊಂದು ಸ್ಕ್ಯಾನ್. ಮೊದಮೊದಲು ತಮ್ಮ ತಪ್ಪದೆ ಹೋದ. ಉಬ್ಬು ಕುಗ್ಗುತ್ತಿದೆ ಎಂದು ಹೇಳಿದ್ದೇ ತಡ, ಆಸ್ಪತ್ರೆಯ ಕಡೆ ತಲೆ ಹಾಕುವುದನ್ನೇ ಬಿಟ್ಟ. ಆಸ್ಪತ್ರೆಯವರು ಅಂಗಡಿಗೆ ಫೋನ್ ಮಾಡಿದಾಗ ಎತ್ತಿದವನು ಅಣ್ಣ.

"ಯಾಕೋ ಹೋಗಿಲ್ಲ?"

"ಚೆನ್ನಾಗಿರೋ ಹೊಟ್ಟೇನ ಎಷ್ಟು ಸಲ ಫೋಟೋ ತೆಗೆಸೋದು? ಅದೇನು ಮದುವೆ ಹೆಣ್ಣಾ?"

ಅಣ್ಣ ಬೈದ, ಅಂಗಲಾಚಿದ, ಒಂದು ವಾರ ಮಾತು ಬಿಟ್ಟ. ತಮ್ಮ ಜಗ್ಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಅಣ್ಣ ಹೊಟ್ಟೆ ಹಿಡಿದುಕೊಂಡು "ಅಯ್ಯೋ" ಎಂದು ಕುರ್ಚಿಗೆ ಕುಸಿದ. ತಮ್ಮನ ಕೈಯಿಂದ ಬಾಚಣಿಗೆ ಜಾರಿತು. ಅರ್ಧ ಕ್ಷೌರವಾಗಿದ್ದ ಗಿರಾಕಿಯ ಕಾರಿನಲ್ಲೇ ಅಣ್ಣನನ್ನು ಹಾಕಿಕೊಂಡು ಆಸ್ಪತ್ರೆಗೆ ಓಡಿದ.

ವೈದ್ಯೆ ಎದುರಿಗೆ ಬಂದದ್ದೇ ಅಣ್ಣ ಎದ್ದು ಕುಳಿತ. "ನನಗೇನೂ ಇಲ್ಲ ಡಾಕ್ಟ್ರೇ. ಇವನನ್ನ ಹಿಡ್ಕೊಂಡು ಸ್ಕ್ಯಾನ್ ಮಾಡಿ."

"ಕಳ್ಳನ ಮಗನೇ!" ಎಂದ ತಮ್ಮ.

"ಇಬ್ಬರಿಗೂ ಅಪ್ಪ ಒಬ್ಬನೇ. ನೋಡ್ಕೊಂಡು ಬೈಯೋ."

ವೈದ್ಯೆ ನಗು ತಡೆದುಕೊಂಡು, ಬಂದವರನ್ನು ಬಿಡುವುದೇಕೆಂದು ಅಣ್ಣನನ್ನೂ ಮಲಗಿಸಿ ಕೆಮ್ಮಲು ಹೇಳಿದರು. ಹಳೆಯ ಹೊಲಿಗೆಯ ನಡುವೆ ಮುಷ್ಟಿಗಾತ್ರದ ಗಂಟೊಂದು ಎದ್ದಿತು. ಗಾಯದ ಜಾಗ ಸಡಿಲವಾಗಿ ಕರುಳು ಮುಂದೆ ಬಂದಿತ್ತು. ಹರ್ನಿಯಾ.

"ಅದು ಊಟದ್ದು," ಎಂದ ಅಣ್ಣ. ಯಾರೂ ನಂಬಲಿಲ್ಲ.

ತಮ್ಮನ ಸ್ಕ್ಯಾನ್ ನೋಡಿದಾಗ ಮಾತ್ರ ವೈದ್ಯೆಯ ಮುಖದಲ್ಲಿ ನಗುವಿರಲಿಲ್ಲ. ನಳಿಕೆ ಕೆಳಕ್ಕೆ ಜಾರಿ, ಅದರ ಪಕ್ಕದಿಂದ ರಕ್ತ ಸೋರಿ, ಉಬ್ಬು ಮೊದಲಿಗಿಂತ ದೊಡ್ಡದಾಗಿತ್ತು.

"ನನಗೆ ನೋವೇ ಇಲ್ವಲ್ಲ ಡಾಕ್ಟ್ರೇ?"

"ನೋವು ಬರಲಿ ಅಂತ ಕಾದಿದ್ರೆ ಇಲ್ಲಿಗೆ ನಿಮ್ಮಣ್ಣ ಒಬ್ಬರೇ ಬರಬೇಕಾಗಿತ್ತು."

"ಅವತ್ತು ಸರಿಯಾಗಿ ಕೂರಿಸಿರಲಿಲ್ವಾ?"

"ಸರಿಯಾಗೇ ಕೂತಿತ್ತು. ವರ್ಷ ಕಳೆದ ಹಾಗೆ ಕೆಲವರಲ್ಲಿ ಜಾರುತ್ತೆ, ಕೆಲವರಲ್ಲಿ ಸೋರುತ್ತೆ. ಯಾರಲ್ಲಿ ಅಂತ ಮೊದಲೇ ಹೇಳೋಕಾಗಲ್ಲ. ಅದಕ್ಕೇ ತಪ್ಪದೆ ಬನ್ನಿ ಅಂದಿದ್ದು."

ಅಣ್ಣ ಎದ್ದು ಬಂದು ತಮ್ಮನ ಪಕ್ಕದಲ್ಲಿ ಕೂತ.

ಇಬ್ಬರಿಗೂ ಒಂದೇ ವಾರ್ಡಿನಲ್ಲಿ ಹಾಸಿಗೆ ಸಿಕ್ಕಿತು. ಮೊದಲ ಸರದಿ ತಮ್ಮನದು. ಬೆಳಿಗ್ಗೆ ಆಸ್ಪತ್ರೆಯವನೊಬ್ಬ ತೊಡೆಸಂದಿನ ಕೂದಲು ತೆಗೆಯಲು ಮೆಷಿನ್ ಹಿಡಿದು ಬಂದ. ಅವನು ಹಿಡಿದ ರೀತಿ ನೋಡಿಯೇ ಅಣ್ಣನಿಗೆ ತಡೆಯಲಾಗಲಿಲ್ಲ.

"ಹುಲ್ಲು ಕೊಯ್ತೀಯಾ? ಕೊಡಪ್ಪಾ ಇಲ್ಲಿ."

ಪರದೆ ಎಳೆದು ತಾನೇ ಕೂತ. ತಮ್ಮ ಮೇಲಿನ ದೀಪ ನೋಡುತ್ತ, "ಅಣ್ಣಾ, ಭಯ ಆಗ್ತಿದೆ ಕಣೋ," ಎಂದ.

"ನನಗೂ ಆಗ್ತಿದೆ. ಅಲ್ಲಾಡಬೇಡ, ಬೇರೇನಾದ್ರೂ ಕತ್ತರಿಸಿ ಹೋದೀತು."

ತಮ್ಮ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ.

ಮತ್ತೆ ಅದೇ ತೊಡೆಸಂದಿನಿಂದ ಇನ್ನೊಂದು ತುಂಡು ಏರಿಸಿ, ಜಾರಿದ ನಳಿಕೆಯ ಮೇಲ್ತುದಿಗೆ ಬಿಗಿದರು. ಸೋರಿಕೆ ನಿಂತಿತು. ಅಣ್ಣನ ಹರ್ನಿಯಾಕ್ಕೆ, ಕರುಳು ಮತ್ತೆ ಮುಂದೆ ಬಾರದಂತೆ, ಒಳಗೊಂದು ಬಲೆ ಇಟ್ಟು ಹೊಲಿದರು. ಅವನು ನಕ್ಕರೆ ಪ್ರಾಣ ಹೋಗುವಷ್ಟು ನೋವು. ಓಡಾಡತೊಡಗಿದ್ದ ತಮ್ಮ ದಿನವೂ ಪಕ್ಕದಲ್ಲಿ ಕೂತು, ಹುಡುಕಿ ಹುಡುಕಿ ಪೋಲಿ ಜೋಕು ಹೇಳಿದ.

"ಹೊಲಿಗೆ ಬಿಟ್ರೆ ನಿನ್ನ ಕೈಯಲ್ಲೇ ಹೊಲಿಸ್ತೀನಿ ನೋಡು," ಎಂದು ಅತ್ತಿಗೆ ಅವನನ್ನು ಹೊರಕ್ಕೆ ಅಟ್ಟಿದಳು.

ಈಗ ತಮ್ಮನ ಸ್ಕ್ಯಾನಿಗೆ ಇಬ್ಬರೂ ಹೋಗುತ್ತಾರೆ. ತಮ್ಮ ಬಾಗಿಲವರೆಗೆ ಹೋಗಿ ವಾಪಸು ಬಂದಾನೆಂದು ಅಣ್ಣನಿಗೆ ಗುಮಾನಿ. ಕಾಯುವ ಕೋಣೆಯಲ್ಲಿ ಕೊಯ್ಯಿಸಿಕೊಳ್ಳುವುದು ಮೇಲೋ, ತೂತು ಹಾಕಿಸಿಕೊಳ್ಳುವುದು ಮೇಲೋ ಎಂದು ಅವರು ಎಷ್ಟು ಜೋರಾಗಿ ವಾದಿಸುತ್ತಾರೆಂದರೆ, ಉಳಿದ ರೋಗಿಗಳು ಎದ್ದು ಹೋಗುವ ಮೊದಲೇ ನರ್ಸಮ್ಮ ಅವರನ್ನು ಒಳಗೆ ಕರೆದುಬಿಡುತ್ತಾಳೆ.