ಕೆಂಚಕ್ಕನಿಗೆ ಬರುತ್ತಿದ್ದ ಫೋನು

ಮಾರುತೇಶ ತೀರಿಕೊಂಡ ಸುದ್ದಿ ನಮ್ಮ ದೇವಸಮುದ್ರಕ್ಕೆ ಬಂದದ್ದು ಸೋಮವಾರ ದೀಪ ಹಚ್ಚುವ ಹೊತ್ತಿಗೆ. ಬೈಕಿನಲ್ಲಿ ಚಳ್ಳಕೆರೆಗೆ ಹೊರಟಿದ್ದವನಿಗೆ ಕೊಂಡ್ಲಹಳ್ಳಿ ತಿರುವಿನಲ್ಲಿ ಲಾರಿ ಬಡಿದಿತ್ತು. ಅವನು ನನ್ನ ತಂಗಿ ಕೆಂಚಕ್ಕನ ಒಬ್ಬನೇ ಮಗ. ಹೆಣವನ್ನು ಬೆಳಿಗ್ಗೆ ಕೊಡುತ್ತೇವೆಂದು ಆಸ್ಪತ್ರೆಯವರು ಹೇಳಿದ್ದರು. ಹೆಂಗಸರು ಅವಳ ಸುತ್ತ ಕುಳಿತು ಅಳುತ್ತಿದ್ದರು. ಅವಳು ಅಳಲಿಲ್ಲ. ಗುಂಡಿ ಒತ್ತುವ ಹಳೆಯ ಫೋನನ್ನು ಮಡಿಲಲ್ಲಿಟ್ಟುಕೊಂಡು, "ಮುಟ್ಟಿದ್ ಮ್ಯಾಲೆ ಫೋನ್ ಮಾಡ್ತೀನಿ ಅಂದಿದ್ದ," ಎಂದಷ್ಟೇ ಹೇಳುತ್ತಿದ್ದಳು.

ಆ ಫೋನಿನ ವಿಷಯ ಹೇಳಬೇಕು. ಚಳ್ಳಕೆರೆಯ ಒಂದು ಕೇಬಲ್ ವಾಹಿನಿಯಲ್ಲಿ ಪ್ರಭು ಎಂಬವನು ದಿನಾ ರಾತ್ರಿ ಒಂಬತ್ತಕ್ಕೆ ನಗೆಯ ಕಾರ್ಯಕ್ರಮ ನಡೆಸುತ್ತಾನೆ. ಎದುರಿಗೆ ಜನ ಕುಳಿತು ನಗುತ್ತಾರೆ. ಅವನು ಆಡುತ್ತಿದ್ದ ಮಾತುಗಳನ್ನೆಲ್ಲ ಬರೆದುಕೊಡುತ್ತಿದ್ದವರು ಮಾರುತೇಶ, ರಾಜಣ್ಣ ಮತ್ತು ಇನ್ನೊಬ್ಬ ಹುಡುಗ. ಕೊನೆಯಲ್ಲಿ ಪರದೆಯ ಮೇಲೆ ನಮ್ಮ ಹೆಸರು ತೋರಿಸಿ ಎಂದು ಅವರು ಕೇಳಿದರು. ಪ್ರಭು ಒಪ್ಪಲಿಲ್ಲ. ಮೂವರೂ ಬರೆಯುವುದನ್ನು ನಿಲ್ಲಿಸಿದರು.

"ಹಾಳೆ ಯಾರಿಗ್ ಬೇಕ್ರೀ? ನಂದೆಲ್ಲ ಬಾಯಾಗೇ ಐತೆ," ಎಂದು ಪ್ರಭು ಕಾರ್ಯಕ್ರಮದಲ್ಲೇ ಸಾರಿದ. ಬರೆದ ಹಾಳೆಯಿಲ್ಲದೆ ಇವನು ಎಷ್ಟು ದಿನ ನಡೆಸಿಯಾನು ಎಂದು ಚಳ್ಳಕೆರೆಯೆಲ್ಲ ಕಾದು ನೋಡಿತು. ಅಲ್ಲಿನ ಗ್ಯಾರೇಜಿನ ಸುಭಾನ್ ನನಗೇ ಹೇಳಿದ, "ಬರೆಯೋರು ಕೈ ಎತ್ತಿದ್ ಮ್ಯಾಲೇ ಜೋರಾಗೈತೆ ನೋಡ್ರಿ ಅಜ್ಜಾರೆ."

ಜೋರಾದದ್ದು ನನ್ನ ತಂಗಿಯಿಂದ. ಪ್ರಭು ಕಾರ್ಯಕ್ರಮದ ನಡುವೆ, ಎದುರಿನ ಜನರಿಗೆಲ್ಲ ಕೇಳಿಸುವಂತೆ ಅವಳಿಗೆ ಫೋನು ಮಾಡುತ್ತಿದ್ದ.

"ಅವ್ವಾ, ನಿನ್ ಮಗ ಸಣ್ಣೋನಿದ್ದಾಗ ಹೆಂಗಿದ್ದ?"

"ಅಯ್ಯೋ, ಟಗರು ಕಂಡ್ರೆ ಚಡ್ಡಿ ಒದ್ದೆ ಮಾಡ್ಕೋತಿದ್ದ ಕಣಪ್ಪಾ. ಕುರಿ ಕಾಯಾಕ್ ಹೋದೋನ್ನ ಕುರಿಗಳೇ ಮನೀಗ್ ಕರ್ಕಂಡ್ ಬರಾವು."

ಜನ ಬಿದ್ದು ಬಿದ್ದು ನಗುತ್ತಿದ್ದರು.

"ಅದೇನಪ್ಪಾ ಸದ್ದು?"

"ಟೀವಿ ಅವ್ವಾ."

ನಮ್ಮೂರಿಗೆ ಆ ವಾಹಿನಿ ಬರುವುದಿಲ್ಲ. ಮಗನ ಸಾಹುಕಾರರು ದಿನಾ ವಿಚಾರಿಸುತ್ತಾರೆಂದು ಅವಳು ಕೇರಿಯಲ್ಲೆಲ್ಲ ಹೇಳಿಕೊಂಡಳು. ಅವಳು ಫೋನು ಇಟ್ಟ ಮೇಲೆ ಪ್ರಭು ತಲೆಗೆ ಟವೆಲ್ ಹೊದ್ದು ಅವಳ ಹಾಗೆಯೇ ಮಾತಾಡಿ ತೋರಿಸುತ್ತಿದ್ದ.

ಮಾರುತೇಶ ನನ್ನ ಮುಂದೆ ಅತ್ತ. "ಹೇಳಿದ್ರೆ ಅವ್ವ ನಾಚ್ಕೆಯಿಂದ ಕುಸಿದು ಹೋಗ್ತಾಳೆ ಮಾವ," ಎಂದ. ಕೊನೆಗೆ ತಾನೇ ಹೋಗಿ, ಬರೆದುಕೊಡುತ್ತೇನೆ, ನನ್ನ ಅವ್ವನನ್ನು ಬಿಟ್ಟುಬಿಡು ಎಂದು ಪ್ರಭುವಿನ ಕೈ ಹಿಡಿದ.

"ಹಾಳೆ ಬಂದ ದಿನ ಫೋನಿಲ್ಲ. ಬರದಿದ್ರೆ ಅವ್ವನೇ ಗತಿ," ಎಂದ ಪ್ರಭು. ಮೊಬೈಲಿನಲ್ಲಿ ಕಳಿಸಿದರೆ ಸಾಕ್ಷಿ ಉಳಿಯುತ್ತದೆಂದು ಕೈಯಲ್ಲೇ ತರಲು ಹೇಳಿದ. ಮಾರುತೇಶ ಹಾಳೆ ಹಿಡಿದು ವಾಹಿನಿಯ ಮೆಟ್ಟಿಲು ಹತ್ತುವುದನ್ನು ನೋಡಿದ ರಾಜಣ್ಣ, "ಥೂ, ಎಂಜಲಿಗೆ ಬಿದ್ಯಲ್ಲಲೇ!" ಎಂದು ಬೀದಿಯಲ್ಲೇ ಉಗಿದ. ಮಾರುತೇಶ ಬಾಯಿ ಬಿಡಲಿಲ್ಲ. ಅವ್ವನನ್ನು ಕಂಡು ಜನ ನಗಬಾರದು, ಅವನಿಗೆ ಬೇಕಿದ್ದದ್ದು ಅಷ್ಟೇ.

ಆ ಸೋಮವಾರ ಹಾಳೆ ಮುಟ್ಟಲಿಲ್ಲ. ಒಂಬತ್ತರ ಮೇಲೆ ಫೋನು ಬಡಿದುಕೊಂಡಿತು. ಕೆಂಚಕ್ಕ ಆತುರದಿಂದ ಎತ್ತಿದಳು.

"ಮಾರುತೇಶಾ, ಮುಟ್ಟಿದ್ಯಾ ಮಗನೇ?"

"ಅವ್ನಲ್ಲ ಅವ್ವಾ, ನಾನು. ನಿನ್ ಮಗ ಇವತ್ತು ನಂಗ್ ಕೈ ಕೊಟ್ಟ. ಎಲ್ಲವ್ವಾ ಆ ಕಳ್ಳ?"

ಮಗ ಇನ್ನು ಫೋನು ಮಾಡುವುದಿಲ್ಲವೆಂದು ಅವಳಿಗೆ ಆಗ ತಿಳಿದಂತಾಯಿತು. "ನನ್ ಮಗ ಸತ್ನಂತೆ ಕಣಪ್ಪಾ," ಎಂದಳು.

"ಹಾಳೆ ಕೇಳಿದ್ರೆ ಸತ್ತೇ ಹೋದ್ನಾ! ಎದ್ದೇಳಕ್ಕೆ ಹೇಳವ್ವಾ, ಟಗರು ಬಂತು ಅನ್ನು!"

ನಗು ಉಕ್ಕಿತು. ಪಕ್ಕದಲ್ಲಿ ಕುಳಿತಿದ್ದ ನನಗೂ ಕೇಳಿಸಿತು.

"ಆ ಟೀವಿ ಆರ್ಸಪ್ಪಾ," ಎಂದಳು ಕೆಂಚಕ್ಕ. "ಇವತ್ತೊಂದಿನ ಆರ್ಸು."

ಜನ ಇನ್ನೂ ಜೋರಾಗಿ ನಕ್ಕರು. ನಾನು ಫೋನು ಕಿತ್ತುಕೊಂಡು, "ನಾನು ಇವಳ ಅಣ್ಣ ಮರುಳಪ್ಪ. ಅವಳು ಹೇಳಿದ್ದು ನಿಜ," ಎಂದೆ. ಎಲ್ಲವೂ ಬಾಯಲ್ಲೇ ಇದೆ ಎಂದಿದ್ದ ಪ್ರಭುವಿಗೆ ಒಂದು ಮಾತೂ ಸಿಗಲಿಲ್ಲ. ಜನ ಅವನ ಮೌನಕ್ಕೂ ನಕ್ಕರು. ಆಮೇಲೆ ಬೋರ್‌ವೆಲ್ ಅಂಗಡಿಯ ಜಾಹೀರಾತು ಕೇಳಿಸಿತು.

ಮೂರನೆಯ ದಿನ ಮಣ್ಣು ಮಾಡಿದ ಗುಡ್ಡೆಗೆ ಹಾಲು ತುಪ್ಪ ಬಿಡುವಾಗ ಪ್ರಭು ಹೂವಿನ ಹಾರ ತಂದ. ರಾಜಣ್ಣನೂ ಹಿಂದೆಯೇ ಬಂದು ನಿಂತ. ಪ್ರಭು ಜೇಬಿನಿಂದ ಹಾಳೆ ತೆಗೆದು, ಮಾರುತೇಶನ ಗುಣಗಳನ್ನು ಓದಿದ. ಚೆನ್ನಾಗಿತ್ತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಯಾರ್ ಬರ್ಕೊಟ್ರಪ್ಪಾ ಇದ್ನ?" ಎಂದಳು ಕೆಂಚಕ್ಕ.

"ನಾನೇ ಅವ್ವಾ."

ರಾಜಣ್ಣ ತಲೆ ತಗ್ಗಿಸಿ ನೆಲ ನೋಡಿದ.

ಹೊರಡುವಾಗ ಪ್ರಭು ನನ್ನನ್ನು ಬೇಲಿಯ ಮರೆಗೆ ಕರೆದ. "ಅವತ್ತು ಅವ್ನು ತರ್ತಿದ್ದ ಹಾಳೆ ಸಿಕ್ಕಿದ್ವಾ ಯಜಮಾನ್ರೇ?"

"ಪೊಲೀಸರು ಕೊಟ್ರು. ಅವ್ನ ಎದೆ ಮ್ಯಾಲಿಟ್ಟು ಮಣ್ಣು ಹಾಕಿದೀವಿ."

"ಛೇ," ಎಂದ ಅವನು. "ಒಂದು ಫೋಟೋನಾದ್ರೂ ತಗಂಡಿರ್ಬೇಕಿತ್ತು."

ನಾನು ತಿರುಗಿ ಬಂದು ತಂಗಿಯ ಪಕ್ಕದಲ್ಲಿ ಮೊಣಕಾಲೂರಿ ಉಳಿದ ಹಾಲನ್ನು ಸುರಿದೆ.

ನಮ್ಮ ಕುಲದೇವರೇ, ತಂದೆ ಜುಂಜಪ್ಪಾ, ತಾಯಿಯ ಮಾನಕ್ಕಾಗಿ ಗೆಳೆಯರಿಂದ ಉಗಿಸಿಕೊಂಡ ಮಗು ಇದು. ನಿನ್ನ ಮಡಿಲಲ್ಲಿ ಮಲಗಿಸಿಕೋ. ಆ ರಾತ್ರಿಯ ನಗು ಅವನಿರುವಲ್ಲಿಗೆ ಕೇಳಿಸದಿರಲಿ. ಅವನ ಜೀವ ತಣ್ಣಗಿರಲಿ.